ಎದೆಮಟ್ಟದ ಅಳತೆ

ನಮ್ಮ ಪ್ರಾಚಾರ್ಯರ ಕೋಣೆಯ ಗೋಡೆಗೆ ಚೌಕಟ್ಟು ಹಾಕಿದ ಫೋಟೊ ಒಂದನ್ನು ತೂಗು ಹಾಕಿದ್ದಾರೆ. ನಮ್ಮ ಇಂಜಿನಿಯರಿಂಗ್ ಕಾಲೇಜಿಗೂ ಸಿಂದಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೂ ಒಡಂಬಡಿಕೆ ನವೀಕರಣವಾದ ದಿನದ ಫೋಟೊ ಅದು. ಹಾರ, ಶಾಲು, ಕಡತ ಹಿಡಿದ ಕೈಗಳು, ಹಲ್ಲು ಕಾಣುವ ನಗು. ಅದರಲ್ಲಿ ಒಬ್ಬ ವಿದ್ಯಾರ್ಥಿಯೂ ಇಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೆಂಗಸಿಗೆ ಇಷ್ಟು ಸಿಟ್ಟು ಇರಬಾರದು ಎಂದು ಹೇಳಿದವರು ಬಹಳ ಮಂದಿ ಇದ್ದಾರೆ. ಅವರು ಇದನ್ನು ಓದಿ ಆಮೇಲೆ ಹೇಳಲಿ.

ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಅದರ ಜೊತೆಗೆ ವೃತ್ತಿ ತರಬೇತಿ ಮತ್ತು ಕೈಗಾರಿಕಾ ಸಂಪರ್ಕದ ಹೊಣೆಯನ್ನೂ ನನ್ನ ಕೊರಳಿಗೆ ಕಟ್ಟಿದ್ದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳು ನಮ್ಮವರು. ಒಡಂಬಡಿಕೆಯ ಕಾಗದದಲ್ಲಿ ಅವರಿಗೆ ‘ಯಂತ್ರಗಳ ಮೇಲೆ ನೇರ ತರಬೇತಿ’ ಎಂದು ಬರೆದಿತ್ತು. ಹಿಂದಿನ ತಂಡಗಳಿಗೆ ಸಿಕ್ಕ ನೇರ ತರಬೇತಿ ಎಂದರೆ ಕಬ್ಬಿನ ಯಾರ್ಡಿನಲ್ಲಿ ನಿಂತು ಟ್ರ್ಯಾಕ್ಟರ್ ಎಣಿಸುವುದು, ಅತಿಥಿಗಳು ಬಂದರೆ ನೀರು ಕೊಡುವುದು. ಹಂಗಾಮು ನಡೆದಿರುವಾಗ ಕಾರ್ಖಾನೆಯವರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ, ಮಕ್ಕಳಿಗೆ ಕಲಿಸುವುದು ದೂರದ ಮಾತು.

ಅದಕ್ಕೇ ನಾನು ಹಟ ಹಿಡಿದು ತರಬೇತಿಯನ್ನು ದುರಸ್ತಿಯ ಕಾಲಕ್ಕೆ ತಂದೆ. ಕಬ್ಬು ಅರೆಯುವುದು ನಿಂತು, ಗಾಣಗಳನ್ನೆಲ್ಲ ಬಿಚ್ಚಿ, ಬಾಯ್ಲರು ತಣ್ಣಗಾಗಿ ಬಾಗಿಲು ತೆರೆದುಕೊಂಡು ಕೂತಿರುವ ಕಾಲ ಅದು. ಯಂತ್ರದ ಹೊಟ್ಟೆ ಕಾಣುವುದು ಆಗಲೇ.

“ಬಂದ್ ಬಿದ್ದ ಕಾರ್ಖಾನ್ಯಾಗ ಹುಡುಗೂರಿಗೆ ಏನ್ ಕಲಸ್ತೀರಿ ಮೇಡಮ್?” ಎಂದರು ಪ್ರಾಚಾರ್ಯರು.

“ಓಡೂ ಕಾರ್ಖಾನ್ಯಾಗ ಟ್ರ್ಯಾಕ್ಟರ್ ಎಣಸೂದು ಕಲ್ತಾರಲ್ರಿ ಸರ್, ಅಷ್ಟು ಸಾಕು.”

ಅವರು ನಕ್ಕು ಸಹಿ ಮಾಡಿದರು. ನನ್ನಿಂದ ತಪ್ಪಿಸಿಕೊಳ್ಳಲು ಅವರಿಗೆ ಗೊತ್ತಿರುವ ದಾರಿ ಅದೊಂದೇ.

ನಾನು ಆರಿಸಿಕೊಂಡ ಕೆಲಸ ಬಾಯ್ಲರಿನ ಕೊಳವೆಗಳ ದಪ್ಪ ಅಳೆಯುವುದು. ಬಾಯ್ಲರಿನ ಒಲೆಯ ಸುತ್ತ ಗೋಡೆಯ ಬದಲು ಕೊಳವೆಗಳ ಸಾಲು ಇರುತ್ತದೆ. ಕೊಳವೆಯ ಒಳಗೆ ನೀರು, ಹೊರಗೆ ಉರಿ. ಕಬ್ಬಿನ ಸಿಪ್ಪೆಯನ್ನು ಗಾಳಿಯಿಂದ ಒಲೆಗೆ ತೂರುತ್ತಾರೆ. ಸಿಪ್ಪೆಯ ಜೊತೆ ಹೊಲದ ಮರಳೂ ಬರುತ್ತದೆ, ಅದು ಕೊಳವೆಗಳನ್ನು ವರ್ಷವರ್ಷವೂ ಉಜ್ಜಿ ತೆಳುವು ಮಾಡುತ್ತದೆ. ಹೊಸದಿದ್ದಾಗ ನಾಲ್ಕು ಮಿಲಿಮೀಟರ್ ದಪ್ಪ. ಎರಡೂವರೆಗಿಂತ ಕೆಳಗಿಳಿದರೆ ಬದಲಿಸಬೇಕು ಎಂಬುದು ಆ ಕಾರ್ಖಾನೆಯದೇ ನಿಯಮ. ಬದಲಿಸದಿದ್ದರೆ ಒಂದು ದಿನ ಕೊಳವೆ ಸೀಳುತ್ತದೆ, ಎದುರಿಗೆ ನಿಂತ ಮನುಷ್ಯನ ಮೇಲೆ ಹಬೆ ಬಂದು ಬೀಳುತ್ತದೆ. ಹಬೆಗೆ ಸಿಕ್ಕವರನ್ನು ನಾನು ನೋಡಿದ್ದೇನೆ. ಅದರ ವರ್ಣನೆ ಇಲ್ಲಿ ಬೇಡ.

ಕಾಲೇಜಿನ ಅಲ್ಟ್ರಾಸೋನಿಕ್ ಮೀಟರನ್ನು ತೆಗೆದುಕೊಂಡು ಹೋದೆವು. ತಂಡದಲ್ಲಿ ಆ ಮೀಟರಿನ ಮೇಲೆ ಕೈ ಕೂತಿದ್ದುದು ಯಂಕಂಚಿ ಊರಿನ ಹುಡುಗಿಗೆ. ಕೊನೆಯ ವರ್ಷದವಳು. ಮಾತು ಕಮ್ಮಿ, ಆಡಿದರೆ ನೆಟ್ಟಗೆ. ಅವಳ ಅಣ್ಣ ಅದೇ ಕಾರ್ಖಾನೆಯಲ್ಲಿ ಫೈರ್‌ಮನ್, ಅಂದರೆ ಹಂಗಾಮಿನುದ್ದಕ್ಕೂ ಬಾಯ್ಲರಿನ ಮುಂದೆ ನಿಂತು ಉರಿ ಕಾಯುವವನು. ಮೊದಲ ದಿನ ಬಾಯ್ಲರಿನ ಬಾಗಿಲಲ್ಲಿ ಫೋರ್ಮನ್ ಅಡ್ಡ ನಿಂತ.

“ಬಾಯಾರ, ಹೆಣ್ಣುಮಕ್ಕಳು ಒಳಗ ಬ್ಯಾಡ್ರಿ. ಇಲ್ಲಿ ಆ ಪದ್ಧತಿ ಇಲ್ಲ.”

“ಮೀಟರ್ ಹಿಡಿಯಾಕ ಬರೂದು ಆಕಿಗೇ. ಆಕಿ ಬ್ಯಾಡಂದ್ರ ಮೀಟರೂ ಬ್ಯಾಡ, ನಾವು ಹೊಂಟ್ವಿ” ಎಂದೆ. ಅವನು ಬದಿಗೆ ಸರಿದ. ಅವಳು ಹೆಲ್ಮೆಟ್ ಬಿಗಿದುಕೊಂಡು, ಕಿರುದೀಪ ಹಿಡಿದು ಒಳಗೆ ನುಸುಳಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಉಳಿದವರು.

ಆ ಕಾರ್ಖಾನೆಯವರು ಅಳೆಯುವ ರೀತಿ ನನಗೆ ಅಲ್ಲೇ ತಿಳಿಯಿತು. ಒಲೆಯ ತಳದಲ್ಲಿ ನಿಂತು, ಕೈ ಚಾಚಿದರೆ ಎದೆಮಟ್ಟಕ್ಕೆ ಎಲ್ಲಿ ಸಿಗುತ್ತದೋ ಅಲ್ಲಿ ಪ್ರತಿ ಕೊಳವೆಗೂ ಒಂದು ಅಳತೆ. ಮೇಲಿಲ್ಲ, ಕೆಳಗಿಲ್ಲ. ಏಣಿ ಬೇಡ, ಅಟ್ಟಣಿಗೆ ಬೇಡ, ಬಗ್ಗುವುದೂ ಬೇಡ. ಹಿಂದಿನವರು ಹಾಗೇ ಮಾಡಿದ್ದರು, ಇವರೂ ಹಾಗೇ ಮಾಡುತ್ತಿದ್ದರು. ನಾವು ಅಟ್ಟಣಿಗೆ ಕಟ್ಟಿಸಿದೆವು. ಮಸಿ ಕೆರೆದು, ಎಮೆರಿ ಕಾಗದದಿಂದ ಲೋಹ ಹೊಳೆಯುವಂತೆ ತಿಕ್ಕಿ, ಗ್ರೀಸು ಹಚ್ಚಿ, ಮೀಟರಿನ ಮೂತಿ ಇಟ್ಟು, ಓದಿದ್ದನ್ನು ಕೊಳವೆಯ ಮೇಲೇ ಸೀಮೆಸುಣ್ಣದಿಂದ ಬರೆಯುತ್ತ ಹೋದೆವು. ಒಂದೊಂದು ಕೊಳವೆಗೂ ಮೇಲಿನಿಂದ ಕೆಳಗಿನವರೆಗೆ ಗೇಣಿಗೊಂದು ಅಳತೆ. ಮಕ್ಕಳ ಮೋರೆ ಮಸಿ, ಮೂಗು ಮಸಿ, ಡಬ್ಬಿ ಬಿಚ್ಚಿದರೆ ರೊಟ್ಟಿಗೂ ಮಸಿ. ನಿಜ ಹೇಳಬೇಕೆಂದರೆ ನನಗೆ ಆ ದಿನಗಳು ಬಹಳ ಸುಖ ಕೊಟ್ಟವು.

ಸಿಪ್ಪೆ ತೂರುವ ಬಾಯಿಗಳ ಪಕ್ಕದ ಗೋಡೆಗೆ ಬಂದಾಗ ಯಂಕಂಚಿ ಹುಡುಗಿ ಕೆಲಸ ನಿಲ್ಲಿಸಿದಳು.

“ಮೇಡಮ್, ಇದನ್ನ ನೋಡ್ರಿ. ಮ್ಯಾಲಿಂದ ಇಳಕೋತ ಬಂದ್ರ ಮೂರೂವರಿ, ಮೂರು, ಎರಡೂವರಿ, ಎರಡು. ಎದಿಮಟ್ಟಕ್ಕ ಬಂದ ಕೂಡ್ಲೆ ಎರಡು ಪಾಯಿಂಟ್ ಎಂಟು. ಕೆಳಗ ಇಳದ್ರ ಮತ್ತ ಎರಡು, ಎರಡೂವರಿ, ಮೂರು. ತೆಳುವಾಕ್ಕೋತ ಬಂದದ್ದು ನಟ್ಟನಡುವ ದಪ್ಪ ಹೆಂಗ ಆಗತೈತ್ರಿ?”

ಮತ್ತೆ ತಿಕ್ಕಿದೆವು, ಮತ್ತೆ ಅಳೆದೆವು. ಅದೇ ಲೆಕ್ಕ. ಪಕ್ಕದ ಕೊಳವೆಗಳಲ್ಲೂ ಅದೇ ಆಟ. ಆಗ ನನಗೆ ಅರ್ಥವಾಯಿತು. ಈ ಮೀಟರು ಲೋಹದೊಳಗೆ ಶಬ್ದ ಕಳಿಸಿ, ಅದು ಆಚೆಯ ಅಂಚಿಗೆ ತಾಗಿ ಮರಳಲು ಎಷ್ಟು ಹೊತ್ತಾಯಿತು ಎಂಬುದರಿಂದ ದಪ್ಪ ಹೇಳುತ್ತದೆ. ಲೋಹ ತೀರ ತೆಳುವಾಗಿದ್ದರೆ ಮೊದಲ ಮರುದನಿ ಅದಕ್ಕೆ ಸಿಗುವುದಿಲ್ಲ. ಎರಡನೆಯದನ್ನು ಹಿಡಿದು ಇದ್ದುದರ ಎರಡು ಪಟ್ಟು ತೋರಿಸುತ್ತದೆ. ಎರಡು ಪಾಯಿಂಟ್ ಎಂಟು ಎಂದರೆ ಒಂದು ಪಾಯಿಂಟ್ ನಾಲ್ಕು. ಕಾರ್ಖಾನೆಯವರು ಅಳೆಯುತ್ತಿದ್ದುದು ಸರಿಯಾಗಿ ಎದೆಮಟ್ಟದಲ್ಲಿ, ಎಲ್ಲಕ್ಕಿಂತ ತೆಳುವಾದ ಜಾಗದಲ್ಲಿ. ಅವರದೂ ಇಂಥದೇ ಮೀಟರು, ಅದು ಅಲ್ಲೇ ಸುಳ್ಳು ಹೇಳುತ್ತಿತ್ತು, ಇವರು ‘ಪಾಸ್’ ಎಂದು ಬರೆದುಕೊಳ್ಳುತ್ತಿದ್ದರು.

ಕಾಲೇಜಿನ ವರ್ಕ್‌ಶಾಪಿಗೆ ಬಂದು ಮಕ್ಕಳಿಂದ ಒಂದು ಉಕ್ಕಿನ ತುಂಡನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆಸಿದೆ. ಕೊನೆಯ ಮೆಟ್ಟಿಲು ಒಂದು ಪಾಯಿಂಟ್ ನಾಲ್ಕು. ಮೀಟರಿನ ಮೂತಿ ಇಟ್ಟರೆ ಎರಡು ಪಾಯಿಂಟ್ ಎಂಟು ಎಂದಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗಿ ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಳು. ಅಣ್ಣನ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರುದಿನ ಆ ತುಂಡನ್ನೂ ನಮ್ಮ ಅಳತೆಗಳ ಪಟ್ಟಿಯನ್ನೂ ಕಾರ್ಖಾನೆಯ ಚೀಫ್ ಇಂಜಿನಿಯರರ ಮೇಜಿನ ಮೇಲಿಟ್ಟೆ. ದೊಡ್ಡ ಮನುಷ್ಯರು, ಆ ಕಾರ್ಖಾನೆಯಲ್ಲೇ ಕೂದಲು ಬೆಳ್ಳಗಾದವರು. ಪಟ್ಟಿಯನ್ನು ಓದದೆ ಬದಿಗಿಟ್ಟು, ತುಂಡನ್ನು ನೋಡಿದರು, ತಿರುಗಿಸಿದರು, ನನ್ನ ಕಡೆಗೆ ಸರಿಸಿದರು.

“ಇದು ನಿಮ್ಮ ಸಾಲಿಯೊಳಗಿನ ತುಂಡು ಮೇಡಮ್ಮರ. ಅದು ಬಾಯ್ಲರ್.”

“ಮೀಟರ್ ಎರಡಕ್ಕೂ ಒಂದೇ ಅಲ್ರಿ.”

“ನಾಡದ ಬಾಯ್ಲರ್ ಪೂಜಾ ಐತಿ. ಕಾರ್ಡ್ ಹಂಚೇವಿ, ಸ್ವಾಮಿಗಳ ಹೊತ್ತು ತಗೊಂಡೇವಿ. ಮುಹೂರ್ತದಾಗ ಹಚ್ಚಿದ ಬೆಂಕಿ ಹಂಗಾಮ ಮುಗಿಯೂ ತನಕ ಆರಬಾರದು. ಅದು ನಮ್ಮ ರಿವಾಜು. ಈಗ ಕೊಳವಿ ಕೊಯ್ಕೋತ ಕುಂಡ್ರಾಕ ಆಗಂಗಿಲ್ಲ.” ಅಷ್ಟು ಹೇಳಿ ಡ್ರಾಯರಿನಿಂದ ಒಂದು ವರದಿ ತೆಗೆದರು. ಕೊಳವೆಗಳನ್ನೆಲ್ಲ ಕಾಲೇಜಿನ ತಜ್ಞರು ಅಳೆದಿದ್ದಾರೆ, ಎಲ್ಲ ಸುಸ್ಥಿತಿಯಲ್ಲಿವೆ ಎಂದು ಟೈಪು ಮಾಡಿ ಇಟ್ಟಿದ್ದರು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. “ಇದಕ್ಕ ಸಹಿ ಹಾಕ್ರಿ. ಹುಡುಗೂರ ಸರ್ಟಿಫಿಕೇಟ್ ಇವತ್ತ ಕೊಡ್ತೇನಿ.”

ನಮ್ಮ ತರಬೇತಿಗೆ ಇವರು ಅಷ್ಟು ಸುಲಭವಾಗಿ ಬಾಗಿಲು ತೆರೆದದ್ದು ಏಕೆಂದು ನನಗೆ ಆಗ ಹೊಳೆಯಿತು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಒರೆಸಲು ಇವರಿಗೆ ಒಂದು ಕಾಲೇಜು ಬೇಕಾಗಿತ್ತು. ನಾನು ಸಹಿ ಮಾಡಲಿಲ್ಲ. ಎದ್ದು ಹೊರಟಾಗ ಅವರು ದನಿ ಏರಿಸದೆ ಹೇಳಿದರು: “ಆ ಹುಡುಗಿಯ ಅಣ್ಣ ನಮ್ಮಲ್ಲೇ ಅದಾನಲ್ರಿ. ಆಕಿಗೆ ಒಂದ್ ಮಾತು ತಿಳಿಸಿ ಹೇಳ್ರಿ.”

ಅಲ್ಲಿಂದ ನೆಟ್ಟಗೆ ಪ್ರಾಚಾರ್ಯರ ಹತ್ತಿರ ಹೋದೆ. ಪೂಜೆಯ ವೇದಿಕೆಯ ಮೇಲೆಯೇ ಒಡಂಬಡಿಕೆಯ ನವೀಕರಣ ಇತ್ತು, ಅವರು ಮುಖ್ಯ ಅತಿಥಿಗಳಲ್ಲಿ ಒಬ್ಬರು. ಕಾರ್ಯಕ್ರಮ ನಿರೂಪಣೆಗೆ ನನ್ನ ಹೆಸರು ಹಾಕಿದ್ದರು, ನನ್ನನ್ನು ಕೇಳದೆ. ಬಾಯ್ಲರಿನ ಒಳಗೆ ಹೆಂಗಸರು ಬೇಡ, ಮೈಕಿನ ಮುಂದೆ ಬೇಕು.

“ಸಹಿ ಮಾಡಿಬಿಡ್ರಿ ಮೇಡಮ್” ಎಂದರು ಪ್ರಾಚಾರ್ಯರು. “ಅವರ ಬಾಯ್ಲರ್, ಅವರ ಜವಾಬ್ದಾರಿ. ಹುಡುಗೂರ ಸರ್ಟಿಫಿಕೇಟ್ ತಪ್ಪಿದ್ರ ಪದವಿ ನಿಂದರತೈತಿ, ತಾಯಿ-ತಂದಿ ನನ್ನ ಬಾಗಲಾ ಬಡೀತಾರ.”

“ಅವರ ಜವಾಬ್ದಾರಿ ಇದ್ರ ನನ್ನ ಸಹಿ ಯಾಕ ಬೇಕ್ರಿ ಸರ್?”

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು: “ಅಕಸ್ಮಾತ್ ಒಡದ್ರ, ಎಲ್ಲಿ ಒಡೀತೈತಿ?”

“ಪೂಜಾದಾಗ ನೀವು ನಿಂದರೂ ಜಾಗದ ಎದುರಿಗೇ, ಸರ್.”

ಅದು ನಿಜವೇ. ಇನ್ನರ್ಧ ನಿಜವನ್ನು ನಾನು ಹೇಳಲಿಲ್ಲ. ಪೂಜೆಯ ಕರ್ಪೂರ, ಕಟ್ಟಿಗೆಯ ಬೆಂಕಿಗೆ ಹಬೆ ಏಳುವುದಿಲ್ಲ. ಆ ದಿನ ಯಾರಿಗೂ ಏನೂ ಆಗುವುದಿಲ್ಲ. ಆಗುವುದು ಆಮೇಲೆ, ಅತಿಥಿಗಳೆಲ್ಲ ಹುಗ್ಗಿ ಉಂಡು, ಹಾರ ಬಿಚ್ಚಿ ಮನೆಗೆ ಹೋದ ಮೇಲೆ, ಒತ್ತಡ ಪೂರ್ತಿ ಏರಿದಾಗ. ಆಗ ಅಲ್ಲಿ ನಿಂತಿರುವವರು ಫೈರ್‌ಮನ್‌ಗಳು ಮಾತ್ರ.

ಸಂಜೆಗೆ ಪ್ರಾಚಾರ್ಯರ ಸಂದೇಶ ಬಂತು. ಪೂಜೆಯ ದಿನವೇ ಅವರಿಗೆ ಸೊಲ್ಲಾಪುರದಲ್ಲಿ ಒಂದು ಮದುವೆ ನೆನಪಾಗಿತ್ತು. ಅವರ ಬದಲು ಬೇರೆ ಯಾರಾದರೂ ಕಡತಕ್ಕೆ ಸಹಿ ಮಾಡಲಿ ಎಂದಿದ್ದರು. ಕೆಳಗೆ ಇನ್ನೊಂದು ಸಾಲು ಇತ್ತು: ‘ಖುರ್ಚಿ ಖಾಲಿ ಕಾಣಬಾರದು, ವಿದ್ಯಾರ್ಥಿಗಳನ್ನು ಬಸ್ಸು ತುಂಬ ಕಳಿಸಿರಿ, ಮುಂದಿನ ಸಾಲಿನಲ್ಲಿ ಕೂಡಿಸಿರಿ.’

ನಾನು ಆ ಸಂದೇಶವನ್ನು ಮತ್ತೆ ಮತ್ತೆ ಓದಿದೆ. ಮನುಷ್ಯನಿಗೆ ಭಯವಾಗಿತ್ತು. ಭಯವಾದದ್ದಕ್ಕೆ ನಾನು ಅವರನ್ನು ದೂರುವುದಿಲ್ಲ. ಆದರೆ ಅಲ್ಲಿ ಸಾವಿದೆ ಎಂದು ನಂಬಿ ತಾನು ಸೊಲ್ಲಾಪುರಕ್ಕೆ ಹೊರಟವರು, ಅದೇ ಜಾಗಕ್ಕೆ ಬಸ್ಸು ತುಂಬ ಮಕ್ಕಳನ್ನು ಕಳಿಸಿ ಎನ್ನುತ್ತಿದ್ದರು. ಕಂಡವರ ಮಕ್ಕಳನ್ನು ಬಾವಿಗೆ ನೂಕಿ ಆಳ ನೋಡುವುದು ಎಂಬ ಗಾದೆಯನ್ನು ಸಣ್ಣವಳಿದ್ದಾಗಿನಿಂದ ಕೇಳಿದ್ದೆ. ಅದು ಮೊಬೈಲಿನಲ್ಲಿ ಬರುತ್ತದೆ ಎಂದುಕೊಂಡಿರಲಿಲ್ಲ. ಬಸ್ಸು ಇಲ್ಲ, ಯಾವ ವಿದ್ಯಾರ್ಥಿಯೂ ಪೂಜೆಗೆ ಬರುವುದಿಲ್ಲ ಎಂದು ಉತ್ತರ ಬರೆದೆ. ಆಮೇಲೆ ಹುಡುಗಿಗೆ ಫೋನ್ ಮಾಡಿ, ಚೀಫ್ ಇಂಜಿನಿಯರು ಅವಳ ಅಣ್ಣನ ಬಗ್ಗೆ ಆಡಿದ್ದನ್ನು ಮುಚ್ಚದೆ ಹೇಳಿದೆ.

“ನಾಳೆ ನಾನು ಮತ್ತ ಹೋಗ್ತೇನಿ. ನೀ ಬರೂದು ಬ್ಯಾಡ. ನಿನ್ನ ಹೆಸರು ಎತ್ತಂಗಿಲ್ಲ” ಎಂದೆ.

“ಅಣ್ಣಗ ನಿನ್ನೇನ ಕೇಳಿದ್ನಿರಿ. ನೌಕರಿ ಹೋದ್ರ ಹೋಗಲಿ ಅಂದ. ಆದ್ರ ಮನ್ಯಾಗ ಹೇಳಬ್ಯಾಡ ಅಂದ. ನಾ ಬರ್ತೇನ್ರಿ ಮೇಡಮ್. ಅಳತಿ ನಂದಲ್ರಿ?”

ಮರುದಿನ ಬೆಳಗ್ಗೆ ನಾನೂ ಹುಡುಗಿಯೂ ಕಾರ್ಖಾನೆಗೆ ಹೋದಾಗ ಬಾಯ್ಲರಿನ ಮುಂದೆ ರಂಗೋಲಿ ಹಾಕುತ್ತಿದ್ದರು, ಬಾಳೆಕಂಬ ಕಟ್ಟುತ್ತಿದ್ದರು. ಒಳಗೆ ನಾವು ಸೀಮೆಸುಣ್ಣದಲ್ಲಿ ಬರೆದ ಅಂಕಿಗಳನ್ನೆಲ್ಲ ಒರೆಸಿ ತೊಳೆದಿದ್ದರು. ಸ್ವಾಮಿಗಳು ಬಾಗಿಲಿನಿಂದ ಒಳಗೆ ನೋಡುತ್ತಾರೆ, ಗಲೀಜು ಕಾಣಬಾರದು ಎಂದ ಫೋರ್ಮನ್. ನನಗೆ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಚೀಫ್ ಇಂಜಿನಿಯರು ಅಲ್ಲೇ ನಿಂತಿದ್ದರು. ಅಲ್ಲಿದ್ದ ಕೆಲಸಗಾರರೆಲ್ಲ ಕೇಳುವಂತೆ ಹೇಳಿದೆ.

“ಸಾಹೇಬ್ರ, ಒಂದ್ ಕೊಳವಿ ಕೊಯ್ಯಿಸ್ರಿ. ಒಂದೇ ಒಂದು. ನೀವು ಹೇಳಿದಷ್ಟು ದಪ್ಪ ಇದ್ರ ನಿಮ್ಮ ಕಾಗದಕ್ಕ ಇಲ್ಲೇ ಸಹಿ ಮಾಡ್ತೇನಿ. ನಾಳೆ ಸ್ಟೇಜ್ ಮ್ಯಾಲ ನಿಂತು ಎಲ್ಲಾರ ಮುಂದ ನಿಮ್ಮ ಕ್ಷಮಾ ಕೇಳ್ತೇನಿ. ಕೊಯ್ಯಿಸಲಿಲ್ಲಂದ್ರ ಇಲ್ಲಿಂದ ನೆಟ್ಟಗ ಸರ್ಕಾರದ ಬಾಯ್ಲರ್ ಇನ್‌ಸ್ಪೆಕ್ಟರ್ ಕಡೆ ಹೋಗ್ತೇನಿ.”

ಸುತ್ತ ನಿಂತವರು ಕೈಕೆಲಸ ಬಿಟ್ಟು ನೋಡುತ್ತಿದ್ದರು. ಅವರೆದುರಿಗೆ ಬೇಡ ಎಂದರೆ ಹೆದರಿದಂತೆ. ಅದಕ್ಕಿಂತ ಹೆಚ್ಚಾಗಿ, ಚೀಫ್ ಇಂಜಿನಿಯರಿಗೆ ತಮ್ಮ ಅಳತೆಯ ಮೇಲೆ ನಿಜವಾಗಿಯೂ ನಂಬಿಕೆ ಇತ್ತು. ಸುಳ್ಳುಗಾರರಾಗಿದ್ದರೆ ಒಪ್ಪುತ್ತಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

“ಕೊಯ್ಯಪಾ” ಎಂದು ಹಿಂದೆ ತಿರುಗದೆ ಹೇಳಿದರು. ಮುಂದೆ ಬಂದವನು ಯಂಕಂಚಿ ಹುಡುಗಿಯ ಅಣ್ಣ.

ಗ್ಯಾಸ್ ಕಟರ್ ಬೇಡ, ಅಂಚು ಕರಗಿ ಅಳತೆ ಕೆಡುತ್ತದೆ ಎಂದು ಕೈಗರಗಸವನ್ನೇ ಹಾಕಿಸಿದೆ. ಎದೆಮಟ್ಟದಲ್ಲಿ, ಎರಡು ಪಾಯಿಂಟ್ ಎಂಟು ತೋರಿಸಿದ ಜಾಗದಲ್ಲಿ. ತಂಗಿ ದೀಪ ಹಿಡಿದಳು, ಅಣ್ಣ ಕೊಯ್ದ. ಕೊಳವೆಯ ಬೆನ್ನಿನ ಕಡೆ ಗರಗಸ ಬಹಳ ಹೊತ್ತು ಒದ್ದಾಡಿತು. ಉರಿಯ ಕಡೆಗೆ ಬರುತ್ತಲೇ ಸರ್ರನೆ ಇಳಿಯಿತು. ಅಳೆಯುವ ಮೊದಲೇ ಆ ಸದ್ದಿಗೆ ಚೀಫ್ ಇಂಜಿನಿಯರು ತಲೆ ಎತ್ತಿದರು.

ತುಂಡು ಹೊರಬಂತು. ಒಂದು ಬದಿ ದಪ್ಪ, ಇನ್ನೊಂದು ಬದಿ ಕಡಕ್ ರೊಟ್ಟಿಯ ಅಂಚಿನಂತೆ. ಹುಡುಗಿ ಮೈಕ್ರೋಮೀಟರ್ ಹಿಡಿದು ಓದಿದಳು, ದನಿ ಏರಿಸಲಿಲ್ಲ: “ಒಂದು ಪಾಯಿಂಟ್ ಮೂರು.” ನಾವು ಹೇಳಿದ್ದಕ್ಕಿಂತಲೂ ಕಡಿಮೆ.

ಚೀಫ್ ಇಂಜಿನಿಯರು ಮೈಕ್ರೋಮೀಟರನ್ನು ಇಸಿದುಕೊಂಡು ತಾವೇ ಅಳೆದರು. ಆಮೇಲೆ ಬಾಯ್ಲರಿನ ಮೆಟ್ಟಿಲ ಮೇಲೆ ಕೂತರು. “ಈ ಗ್ವಾಡಿ ಪೂರ್ತಿ ಕೊಯ್ಯಬೇಕು. ಹೊಸಾದು ಹಾಕಿ, ಬೆಸುಗಿ ಮಾಡಿ, ನೀರಿನ ಒತ್ತಡ ಕೊಟ್ಟು ನೋಡಬೇಕು” ಎಂದು ತಮಗೇ ಹೇಳಿಕೊಂಡರು. “ನಾಳೆ ಪೂಜಾ ಹೆಂಗ ಮಾಡೂನ್ರಿ ಮೇಡಮ್ಮರ? ಹಚ್ಚಿದ ಬೆಂಕಿ ಆರಿಸಾಕ ಬರಂಗಿಲ್ಲ.”

ಆಗಲೂ ಆ ಮನುಷ್ಯರ ಚಿಂತೆ ಬೆಂಕಿಯದೇ. ಒದರಬೇಕೆನ್ನಿಸಿತು. ಆದರೆ ನಮ್ಮ ಮನೆಯಲ್ಲಿ ಮುಂಜಿಯಾದಾಗ ಹೋಮದ ಬೆಂಕಿಯನ್ನು ಆರದಂತೆ ಕುಂಡದಲ್ಲಿ ದಿನಗಟ್ಟಲೆ ಕಾಯುತ್ತಿದ್ದುದು ನೆನಪಾಯಿತು. ಅಜ್ಜಿ ಮರಾಠಿಯಲ್ಲಿ ಬೈಯುತ್ತ ನಮ್ಮನ್ನು ಅದರ ಹತ್ತಿರ ಕೂಡಿಸುತ್ತಿದ್ದಳು.

“ಬೆಂಕಿ ಆರಬಾರದು, ಅಷ್ಟೇ ಅಲ್ರಿ? ಬಾಯ್ಲರಿನ ಒಳಗೇ ಇರಬೇಕಂತ ಎಲ್ಲಿ ಐತಿ? ಬಾಗಲ ಮುಂದ ಒಂದ್ ಕಬ್ಬಿಣದ ಕುಂಡ ಇಡ್ರಿ. ಸ್ವಾಮಿಗಳು ಅದರಾಗ ಹಚ್ಚಲಿ. ಕೊಳವಿ ಹಾಕೂ ತನಕ ನಿಮ್ಮ ಮಂದಿ ಅದನ್ನ ಕಾಯಲಿ. ಎಲ್ಲಾ ಆದ ಮ್ಯಾಲ ಅದೇ ಬೆಂಕಿ ಒಳಗ ಒಯ್ರಿ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಫೋರ್ಮನ್ನನ್ನು ಕರೆದು, ದೊಡ್ಡದೊಂದು ಕಬ್ಬಿಣದ ಬುಟ್ಟಿ ತರಲು ಹೇಳಿದರು.

ಪೂಜೆ ಮುಹೂರ್ತಕ್ಕೆ ಸರಿಯಾಗಿ ಆಯಿತು. ಕೊಳವೆ ಕೊಯ್ದ ಸುದ್ದಿ ತಲುಪಿದ್ದೇ ತಡ, ಸೊಲ್ಲಾಪುರದ ಮದುವೆ ಮುಂದೆ ಹೋಯಿತು. ಪ್ರಾಚಾರ್ಯರು ಹೊಸ ಕೋಟು ಹಾಕಿಕೊಂಡು ವೇದಿಕೆಯ ಮೇಲೆ ಕೂತರು. ನಾನು ನಿರೂಪಣೆ ಮಾಡಲಿಲ್ಲ, ಹೋಗಲೂ ಇಲ್ಲ. ಕಾರ್ಖಾನೆಯ ಸಿಬ್ಬಂದಿಯ ಎಚ್ಚರದಿಂದ ಒಂದು ದೋಷ ಪತ್ತೆಯಾಯಿತು ಎಂದು ಅಲ್ಲಿ ಭಾಷಣವಾಯಿತಂತೆ, ಚಪ್ಪಾಳೆ ಬಿತ್ತಂತೆ. ಗೋಡೆಯ ಮೇಲಿನ ಫೋಟೊ ಆ ದಿನದ್ದು. ಮಕ್ಕಳಿಗೆ ಸರ್ಟಿಫಿಕೇಟು ಬಂತು. ಅದರಲ್ಲಿ ‘ಕೊಳವೆ ಅಳತೆಯ ಕೆಲಸವನ್ನು ವೀಕ್ಷಿಸಿದ್ದಾರೆ’ ಎಂದು ಬರೆದಿತ್ತು. ವೀಕ್ಷಿಸಿದ್ದಾರೆ. ಉಗುರಿನ ಮಸಿ ಇನ್ನೂ ಹೋಗಿರಲಿಲ್ಲ ಆ ಮಕ್ಕಳದು. ಅದನ್ನು ತಿದ್ದಿಸಲು ನಾನು ಬರೆದದ್ದಕ್ಕೆಲ್ಲ ಉತ್ತರವೇ ಇಲ್ಲ. ಬದಲಿಗೆ ಕೈಗಾರಿಕಾ ಸಂಪರ್ಕದ ಹೊಣೆಯಿಂದ ನನಗೆ ‘ವಿಶ್ರಾಂತಿ’ ಕೊಟ್ಟರು.

ಹಂಗಾಮು ಶುರುವಾದ ಮೇಲೆ ಒಂದು ದಿನ ಸಿಂದಗಿ ಬಸ್ ನಿಲ್ದಾಣದಲ್ಲಿ ಹುಡುಗಿ ಸಿಕ್ಕಳು. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಅಣ್ಣ ಹೇಗಿದ್ದಾನೆಂದು ಕೇಳಿದೆ.

“ಫೈರ್‌ಮನ್ ಕೆಲಸದಿಂದ ತಗದಾರ್ರಿ. ತಂಗಿ ಬಾಯಿ ದೊಡ್ಡದು ಅಂದ್ರಂತ. ಯಾರ್ಡಿಗೆ ಹಾಕ್ಯಾರ, ಟ್ರ್ಯಾಕ್ಟರ್ ಎಣಸ್ತಾನ.”

ನನ್ನ ತಲೆ ಕುದಿಯಿತು. ನಮ್ಮ ಮಕ್ಕಳನ್ನು ಯಾವ ಯಾರ್ಡಿನಲ್ಲಿ ದಂಡಕ್ಕೆ ನಿಲ್ಲಿಸಿದ್ದರೋ ಅದೇ ಯಾರ್ಡು. ಈಗಲೇ ನಡಿ, ಆ ಚೀಫ್ ಇಂಜಿನಿಯರನ ಮುಂದೆ ನಿಂತು ಕೇಳೋಣ ಎಂದೆ. ಬಸ್ಸಿನ ಕಡೆ ಹೆಜ್ಜೆಯನ್ನೂ ಹಾಕಿದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

“ಬ್ಯಾಡ್ರಿ ಮೇಡಮ್. ಬಿಸಲಾಗ ಆದ್ರೂ ಜೀವಂತ ನಿಂತಾನಲ್ರಿ.”